ತಿಪ್ಪೆಗೆ ಹಾಕಿದ ನೂಲು

ದೊಡ್ಡಬಳ್ಳಾಪುರದ ಪಕ್ಕದ ನಮ್ಮ ಊರಿನ ಮನೆಯಲ್ಲಿ ಎರಡು ಪವರ್‌ಲೂಮ್‌ಗಳಿದ್ದವು. ರೇಷ್ಮೆ ನೇಯುತ್ತಿದ್ದ ಕಾಲದಿಂದಲೂ ಮಗ್ಗದಡಿಯ ತುಂಡುನೂಲನ್ನು ಗುಡಿಸಿ ತಿಪ್ಪೆಗೆ ಹಾಕುವುದು, ಮುಂಗಾರಿಗೆ ಮುಂಚೆ ಗೊಬ್ಬರದ ಜೊತೆ ರಾಗಿ ಹೊಲಕ್ಕೆ ಹೊಡೆಯುವುದು ರೂಢಿ. ನೂಲು ಪಾಲಿಯೆಸ್ಟರ್ ಆಯಿತು, ರೂಢಿ ಹಾಗೇ ಉಳಿಯಿತು. ಹನ್ನೆರಡು ವರ್ಷ ನಾನೇ ಹೊಡೆದೆ.

ಹತ್ತಿರದಲ್ಲೇ ವಿಮಾನ ನಿಲ್ದಾಣವಾಗಿ ವಿಮಾನಗಳು ಹೊಲದ ಮೇಲೆ ತಗ್ಗಿ ಹಾರತೊಡಗಿದ ಮೇಲೆ ಒಂದು ವರ್ಷ ಕೆರೆ ತುಂಬಿ ಕೋಡಿ ಬಿತ್ತು. ನೀರು ಹರಿದು ಹೋಗುವ ಕಲ್ಲುಗಳಿಗೆಲ್ಲ ಗುಲಾಬಿ ಎಳೆಗಳು ಸುತ್ತಿಕೊಂಡಿದ್ದವು. ಆ ಗುಲಾಬಿ ನಮ್ಮ ಮಗ್ಗದ್ದು. ಮಳೆ ನೀರು ಹೊಲದಿಂದ ಕೊಚ್ಚಿ ತಂದಿತ್ತು.

ಮುಂದಿನ ಬೇಸಿಗೆಯಲ್ಲಿ ಪೇಟೆಯಲ್ಲೊಂದು ಸಭೆ. ನಮ್ಮ ಕೆರೆಯ ನೀರು ಹೋಗುವ ಅರ್ಕಾವತಿ ಹೊಳೆ ಸಾಲಿನ ಊರುಗಳವರು, ಆ ಹೊಳೆ ಕೂಡುವ ಕಾವೇರಿ ಕಡಲು ಸೇರುವ ಕಡೆಯ ಮೀನುಗಾರರು ಕೂತು, ಪ್ಲಾಸ್ಟಿಕ್ ಎಳೆ ಸಮುದ್ರದವರೆಗೆ ಹೋಗದಂತೆ ಕೆರೆ ಕೆರೆಯ ಕೋಡಿಗೂ ಬಲೆ ಕಟ್ಟುವ ಮಾತು. ಅದಕ್ಕೆ ಮೊದಲು ತಂತಮ್ಮ ಎಳೆ ಎಲ್ಲಿಂದ ಬರುತ್ತದೆಂದು ಪ್ರತಿ ಊರೂ ಹೇಳಬೇಕಿತ್ತು.

ಬಸ್ಸಿನಲ್ಲಿ ಪಕ್ಕದ ಮನೆಯ ಮಗ್ಗದವನು, ನನ್ನ ಓರಗೆಯವನು, ಹೇಳಿದ: "ಕಸ ಸುಟ್ಟಾಕ್ತೀವಿ ಅಂದ್ಬಿಡು. ಬಾಯ್ಬಿಟ್ರೆ ಊರಿನ ಮಗ್ಗಕ್ಕೆಲ್ಲ ಬೀಗ ಬೀಳುತ್ತೆ ಕಣೋ."

"ಕೋಡೀಲಿ ಕಣ್ಣಾರೆ ನೋಡಿದೀನಿ."

"ಸಮುದ್ರ ನೋಡಿದೀಯಾ? ಇಲ್ಲ ತಾನೆ. ಸುಮ್ಕಿರು ಗುರು."

ಸಭೆಯಲ್ಲಿ ಕಡಲ ಕಡೆಯ ಹೆಂಗಸೊಬ್ಬರು ಬಿಳಿ ಬಟ್ಟೆಯ ಗಂಟೊಂದನ್ನು ಬಿಚ್ಚಿಟ್ಟರು. ಮೀನಿನ ಹೊಟ್ಟೆಯಲ್ಲಿ ಸಿಕ್ಕ, ಕೂದಲಿಗಿಂತ ತೆಳುವಾದ ಎಳೆಗಳು. ಬಣ್ಣ ಹೋಗಿತ್ತು, ನಮ್ಮವೇ ಎಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಅವರು ತಮಿಳಿನಲ್ಲಿ, ಯಾರ ಊರಿನದಪ್ಪಾ ಇದು ಎಂದು ಮೆಲ್ಲಗೆ ಕೇಳಿದರು.

ನಾನು ಎದ್ದು ತಿಪ್ಪೆಯ ವಿಷಯ ಹೇಳಿದೆ. ಆಮೇಲೆ ಹೊಳೆಯ ಕೆಳಗಿನ ಒಂದು ಊರಿನವರು ತಮ್ಮದನ್ನೂ ಹೇಳಿದರು.

ಬರುವಾಗ ಪಕ್ಕದ ಮನೆಯವನು ಬಸ್ಸಿನ ಹಿಂದಿನ ಸೀಟಿಗೆ ಹೋಗಿ ಕೂತ.

ಬೀಗ ಬೀಳಲಿಲ್ಲ. ಬಲೆ ನಮ್ಮ ಕೋಡಿಗೇ ಮೊದಲು ಬಂತು. ಸಣ್ಣ ಎಳೆ ಅದಕ್ಕೆ ಸಿಗುವುದಿಲ್ಲ. ಉದ್ದದ್ದು ಸವೆದು ಸಣ್ಣದಾಗುವ ಮುಂಚೆ ಸಿಗುತ್ತದೆ, ಅಷ್ಟೇ. ಮಳೆ ಬಂದು ನಿಂತ ಮೇಲೆ ಬಲೆಯನ್ನು ಬಿಚ್ಚಿ ಕೊಡವಬೇಕು. ಇಬ್ಬರು ಹಿಡಿಯುವ ಕೆಲಸ. ಒಂದು ತುದಿಯನ್ನು ಕಲ್ಲಿಗೆ ಕಟ್ಟಿ, ಇನ್ನೊಂದನ್ನು ನಾನು ಹಿಡಿಯುತ್ತೇನೆ.