ಸೀಟಿನ ಮೇಲಿನ ಟವೆಲ್

ನಾನು ನಿಂತಿದ್ದು ನಮ್ಮ ಅಂಗಳದ ನಲ್ಲಿಯ ಬಲಕ್ಕೆ, ಎರಡು ಹೆಜ್ಜೆ ದೂರದಲ್ಲಿ. ಎಂಟು ವರ್ಷದ ಹಿಂದಿನ ಒಂದು ಸೋಮವಾರ, ಮಧ್ಯಾಹ್ನ ಮೂರು ದಾಟಿತ್ತು. ಪಕ್ಕದ ಮನೆಯ ವಿಜ್ಞಾನ ಮಾಸ್ತರರು ತಮ್ಮ ದಪ್ಪ ಹೆಬ್ಬೆರಳಿನಿಂದ ನನ್ನ ಅಣ್ಣನ ರೆಪ್ಪೆ ಎತ್ತಿ ಹಿಡಿದಿದ್ದರು. ಅದರ ಕೆಳಗೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

ಮಾಸ್ತರರನ್ನು ಸಹಿಸುವುದು ಕಷ್ಟವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ನನಗೆ ಕಲಿಸಿದವರು, ನಿವೃತ್ತರಾದ ಮೇಲೂ ಕಲಿಸುವುದನ್ನು ಬಿಡಲಿಲ್ಲ. ಮದುವೆ ಊಟದಲ್ಲಿ ಪಕ್ಕದವನಿಗೆ ರೊಟ್ಟಿಯ ತುತ್ತು ನುಂಗಗೊಡುತ್ತಿರಲಿಲ್ಲ. ಸಿಹಿಯಾಗುವ ತನಕ ಅಗಿಯಬೇಕು, ಆಮೇಲೆ ಬಾಯೊಳಗೆ ಸಕ್ಕರೆ ಮಾಡಿದವರು ಯಾರೆಂದು ಹೇಳಬೇಕು. ಜೊಲ್ಲಿನ ಕಿಣ್ವ ಎಂದರೆ ಬಿಡುಗಡೆ. ಅಷ್ಟರಲ್ಲಿ ಹೋಳಿಗೆಯ ಬುಟ್ಟಿ ಮುಂದೆ ಹೋಗಿರುತ್ತಿತ್ತು.

ಕಿಣ್ವದ ಸಕ್ರಿಯ ತಾಣವೆಂದರೆ ಅವರಿಗೆ ಕುಷ್ಟಗಿ ಬಸ್ಸಿನ ಒಂದು ಸೀಟು. ಒಂದು ಅಣು ಬಂದು ಕೂಡುತ್ತದೆ, ಎರಡು ತುಂಡಾಗಿ ಇಳಿದುಹೋಗುತ್ತದೆ, ಸೀಟಿಗೆ ಏನೂ ಆಗುವುದಿಲ್ಲ, ಇನ್ನೊಂದು ಬಂದು ಕೂಡುತ್ತದೆ. ಯಾರೋ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರೆ ಮುಗಿಯಿತು. ನರಗಳ ಕಿಣ್ವಕ್ಕೆ ಕೆಲವು ವಿಷಗಳು ಆ ಟವೆಲ್ ಇದ್ದಂತೆ. ಇದನ್ನು ಎಷ್ಟು ಸಲ ಕೇಳಿದ್ದೆನೋ.

ಆ ದಿನ ಅಣ್ಣ ಬೆಳಗಿನಿಂದ ದಾಳಿಂಬೆಗೆ ಹುಳದ ಔಷಧ ಹೊಡೆಯುತ್ತಿದ್ದ. ಬೆನ್ನಿನ ಪಂಪು ಸೋರುತ್ತಿತ್ತು. ಅವನಿಗೆ ನೋಡಿದ ಹುಡುಗಿಯ ತಂದೆ, ಯಲಬುರ್ಗಾ ಕಡೆಯವರು, ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಬೀಗರಾಗುವವರನ್ನು ಕಾಯಿಸಬಾರದೆಂದು ಅಣ್ಣ ಮುಖವಷ್ಟೇ ತೊಳೆದು, ತೊಯ್ದ ಬನಿಯನ್ನಿನ ಮೇಲೇ ಹೊಸ ಅಂಗಿ ತೊಟ್ಟು ಬಂದು ಕುಳಿತ. ಚಹಾ ಮುಗಿಯುವ ಮೊದಲು ಬೆವರು ಸುರಿಯಿತು, ಜೊಲ್ಲು ಇಳಿಯಿತು, ತೋಳಿನ ಮಾಂಸ ತಾನೇ ಅದುರತೊಡಗಿತು. ಅವ್ವ ಚಳಿಜ್ವರವೆಂದು ಕಂಬಳಿ ಹೊದಿಸಿದಳು. ಅದರ ಎರಡು ತುದಿ ಹಿಡಿದಿದ್ದವನು ನಾನು.

ಗದ್ದಲ ಕೇಳಿ ಬಂದ ಮಾಸ್ತರರು ಮೂಸಿ ನೋಡಿ ಕಂಬಳಿ ಕಿತ್ತೆಸೆದರು. ನಲ್ಲಿಯ ಹತ್ತಿರ ಹೊತ್ತೊಯ್ಯಿಸಿ, ಮೈಮೇಲೆ ಒಂದು ನೂಲೂ ಇರಬಾರದೆಂದರು. ಅವ್ವ ಅಡ್ಡ ನಿಂತಳು.

"ಬೀಗರು ಕುಂತಾರ್ರೀ ಮಾಸ್ತರ್ರ."

"ಕುಂದರ್ಲಿ ಬಿಡವ್ವಾ. ಇಲ್ಲಂದ್ರ ನಾಳೆ ಮಣ್ಣಿಗೆ ಮತ್ತ ಬರಬೇಕಾಗತೈತಿ ಅವರು."

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಟ್ಟೆ ಸೋಪಿನಿಂದ ಅವನನ್ನು ತಿಕ್ಕುತ್ತಲೇ, ಔಷಧದ ಬಾಟಲಿ ತರಲು ನನ್ನನ್ನು ತೋಟಕ್ಕೆ ಓಡಿಸಿದರು. ತಿರುಗಿ ಬಂದಾಗ ಅಣ್ಣ ಬೀಗರ ಕಾರಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಕಾರು ಮಾತ್ರ ಹೊರಟಿರಲಿಲ್ಲ. ಮಾಸ್ತರರು ಬೀಗರಿಗೆ ಟವೆಲ್ಲಿನ ಪಾಠ ಮಾಡುತ್ತಿದ್ದರು: "ಹೊತ್ತು ಹೋತಂದ್ರ ಟವೆಲ್ ಸೀಟಿಗೆ ಅಂಟಿಬಿಡತೈತ್ರಿ. ಆಮ್ಯಾಲ ದವಾಖಾನಿ ಇಂಜೆಕ್ಷನ್ ಎಳದ್ರೂ ಬರಂಗಿಲ್ಲ."

ಹೊತ್ತು ಹೋದರೆ ಎನ್ನುತ್ತ ನಿಂತಿದ್ದಾರೆ. ನನ್ನ ತಲೆ ಕೆಟ್ಟಿತು.

"ಅಂವ ಸಾಯಾಕತ್ಯಾನ್ರಿ. ನಿಮ್ಮ ಪಾಠಕ್ಕ ಬೆಂಕಿ ಹಚ್ರಿ."

ಅವರು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ಹೆಸರು ಓದಿ, ಹಿಂದಿನ ಸೀಟಿನಲ್ಲಿ ಅಣ್ಣನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕಾರು ನಿಂತದ್ದು ಬಾಟಲಿಗಾಗಿ ಎಂದು ನನಗೆ ತಿಳಿದದ್ದು ಕೊಪ್ಪಳದ ದವಾಖಾನೆಯಲ್ಲಿ. ಡಾಕ್ಟರು ಮೊದಲು ಅದನ್ನೇ ಕೇಳಿದರು, ಓದಿದರು, ಒಂದರ ಹಿಂದೆ ಒಂದು ಎರಡು ಇಂಜೆಕ್ಷನ್ ಹೇಳಿದರು. ಮೈ ತೊಳೆದು ತಂದವರು ಯಾರೆಂದೂ ಕೇಳಿದರು. ಹನ್ನೊಂದು ದಿನದ ಮೇಲೆ ಅಣ್ಣ ನಡೆದುಕೊಂಡು ಮನೆಗೆ ಬಂದ. ಮದುವೆಯೂ ಆಯಿತು.

ಆ ಮಾತಿಗೆ ತಪ್ಪಾಯಿತೆನ್ನಲು ನಾನು ಹಲವು ಸಲ ಪಕ್ಕದ ಮನೆಗೆ ಹೋದೆ. ಕುಳಿತ ಕೂಡಲೇ ಅವರು, ಎರಡು ಇಂಜೆಕ್ಷನ್ನಿನಲ್ಲಿ ಸೀಟು ಬಿಡಿಸಿದ್ದು ಯಾವುದು ಎಂದು ಕೇಳುತ್ತಿದ್ದರು. ತಪ್ಪು ಹೇಳಿದರೆ ಮೊದಲಿನಿಂದ ಪಾಠ. ಸರಿ ಹೇಳಿದರೆ, ಯಾಕೆ ಎಂಬ ಪ್ರಶ್ನೆ. ನನಗೆ ರೇಗಿಹೋಗಿ ಎದ್ದು ಬರುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು. ನನ್ನ ಮಾತು ನನ್ನಲ್ಲೇ ಉಳಿಯಿತು.

ಅಂದು ಅವರಿಗೆ ನಾನು ಅಂದದ್ದನ್ನು ಕೇಳಿದವರಲ್ಲಿ ಈಗ ಇರುವವರು ಇಬ್ಬರು: ಹೊಸ್ತಿಲಲ್ಲಿ ನಿಂತಿದ್ದ ಅವ್ವ, ಕಾರಿನ ಬಾಗಿಲು ಹಿಡಿದಿದ್ದ ಅಣ್ಣನ ಮಾವ. ಅಣ್ಣನಿಗೆ ಆಗ ಎಚ್ಚರವಿರಲಿಲ್ಲ. ಅವನಿಗೆ ನಾವು ಯಾರೂ ಹೇಳಿಲ್ಲ.