ನಗರಸಭೆಯ ನೆಲಕ್ಕೆ ಬಯಕೆಯೂಟ

ತೊಂಬತ್ತರ ದಶಕದ ಕೊನೆಯಲ್ಲಿ ನಾವೊಂದಷ್ಟು ಜನ ಭಾನುವಾರ ಬೆಳಿಗ್ಗೆ ತುಂಗೆಯ ದಂಡೆಗೆ ಹೋಗುತ್ತಿದ್ದೆವು. ವಿದ್ಯಾನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಪಾರ್ಕಿಗೆಂದು ನಗರಸಭೆ ಬಿಟ್ಟಿದ್ದ ಆ ಜಾಗದಲ್ಲಿ ಲಂಟಾನ, ಕಾಂಗ್ರೆಸ್ ಗಿಡ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಅವನ್ನು ಕಿತ್ತು, ಹಿಂದೆ ಅಲ್ಲಿದ್ದ ಹೊಳೆಮತ್ತಿ, ಹೊಂಗೆ, ನೇರಳೆಗಳನ್ನು ಮತ್ತೆ ತರಬೇಕೆಂಬುದು ನಮ್ಮ ಹಟ. ನಾನು ಭದ್ರಾವತಿಯಲ್ಲಿ ಟೀಚರ್. ಭದ್ರೆಯ ದಂಡೆಯಲ್ಲಿ ಬಿದ್ದ ಬೀಜಗಳನ್ನು ಟಿಫಿನ್ ಡಬ್ಬಿಗೆ ತುಂಬಿಕೊಂಡು ಸಂಜೆ ಬಸ್ಸು ಹತ್ತುತ್ತಿದ್ದೆ.

ನಮ್ಮತ್ತೆಯೂ ಬರುತ್ತಿದ್ದರು. ಕುಂಸಿ ಹತ್ತಿರ ಅವರಿಗೆ ಗದ್ದೆಯಿತ್ತು. ಮಾವ ತೀರಿಕೊಂಡ ಮೇಲೆ ಅದನ್ನು ಮಾರಿ ನಮ್ಮ ಜೊತೆ ಇದ್ದರು. ಆಮೇಲೆ ಭೂಮಿ ಹುಣ್ಣಿಮೆ ಬಂತೆಂದರೆ ಅವತ್ತೆಲ್ಲ ಮುಖ ಬಾಡಿಸಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದರು. ತೆನೆ ತುಂಬುವ ಹೊತ್ತಿನ ಭೂಮಿ ಬಸುರಿ ಎಂದು, ನಸುಕಿನಲ್ಲೇ ಗದ್ದೆಗೆ ಬಯಕೆಯ ಅಡುಗೆ ಒಯ್ದು ಬಡಿಸುವ ಹಬ್ಬ ಅದು. ನೆಲವೇ ಇಲ್ಲದವರು ಯಾರಿಗೆ ಬಡಿಸಬೇಕು? ಅವರ ಆ ಮುಖ ನನಗೆ ನೋಡಲಾಗುತ್ತಿರಲಿಲ್ಲ.

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಒಮ್ಮೆ ಕೇಳಿಯೇ ಬಿಟ್ಟೆ: “ಅತ್ತೆ, ಈ ಹೊಳೆದಂಡೆಗೇ ಬಡಿಸಿದ್ರೆ ಆಗಲ್ವಾ?”

“ಇದು ನಗರಸಭೆದು ಕಣೇ ಮಾರಾಯ್ತಿ. ಅಲ್ದೆ ಇಲ್ಲಿರೋ ಗಿಡ ಎಲ್ಲ ನೀವು ತಂದು ನೆಟ್ಟಿದ್ದು. ಬಸುರಿ ಅಲ್ದೋಳಿಗೆ ಎಂಥ ಬಯಕೆ ಊಟ?”

ತಲೆಯೊಳಗೆ ಹುಳ ಬಿಟ್ಟಂತಾಯಿತು. ಇಷ್ಟು ವರ್ಷವಾದರೂ ಅಲ್ಲಿ ಮರದ ಸಸಿ ಒಂದೂ ತಾನಾಗಿ ಹುಟ್ಟಿರಲಿಲ್ಲ, ಯಾಕೆ? ಹಕ್ಕಿ ಹಿಕ್ಕೆ ಹಾಕುವುದಿಲ್ಲವೇ? ಹೊಳೆ ಬೀಜ ತರುವುದಿಲ್ಲವೇ? ಮುಂದಿನ ಭಾನುವಾರ ಕೆಲಸ ಬಿಟ್ಟು ಸುಮ್ಮನೆ ನೋಡುತ್ತ ಕೂತೆ. ನಮ್ಮ ಗುಂಪಿನಲ್ಲಿ ಹೆಚ್ಚಿನವರು ಅಡಿಕೆ ತೋಟದ ಮನೆಯವರು. ಗಿಡ ಕಂಡರೆ ಬುಡ ಬಿಡಿಸದೆ ಅವರ ಕೈ ನಿಲ್ಲದು. ಒಂದೊಂದು ಸಸಿಯ ಸುತ್ತಲೂ ಕೆರೆದು ಕೆರೆದು ನೆಲವನ್ನು ಅಂಗಳದ ಹಾಗೆ ಇಟ್ಟಿದ್ದರು. ಎಲ್ಲರಿಗಿಂತ ಚೊಕ್ಕವಾಗಿ ಕೆರೆಯುತ್ತಿದ್ದವರು ನಮ್ಮತ್ತೆ! ಮೊಳೆತದ್ದೆಲ್ಲ ಕಳೆಯೆಂದು ಅವರ ಬುಟ್ಟಿಗೆ ಹೋಗುತ್ತಿತ್ತು.

“ಅತ್ತೆ, ಹೊಳೆ ಕಡೆಯ ಈ ತುಂಡು ಮಳೆಗಾಲ ಮುಗಿಯೋವರೆಗೂ ಮುಟ್ಬೇಡಿ. ಏನು ಬರುತ್ತೋ ನೋಡೋಣ.”

“ಕಳೆ ಬರುತ್ತೆ, ಇನ್ನೇನು ಬಂಗಾರ ಬರುತ್ತಾ? ಮುದುಕಿಗೆ ಕೈಲಾಗಲ್ಲ ಅಂತ ನೋಡಿದೋರು ನಗ್ತಾರೆ.”

“ನಗ್ಲಿ ಬಿಡಿ.”

ಮುಖ ಊದಿಸಿಕೊಂಡೇ ಒಪ್ಪಿದರು. ಲಂಟಾನ, ಕಾಂಗ್ರೆಸ್ ಗಿಡ ಮಾತ್ರ ಕೀಳಬಹುದೆಂದು ಅವರಿಗೊಂದು ವಿನಾಯಿತಿ ಕೊಟ್ಟೆ. ಮಳೆಗಾಲವಿಡೀ ನನಗೂ ಒಳಗೊಳಗೇ ಪುಕುಪುಕು. ಏನೂ ಬಾರದಿದ್ದರೆ ಈ ವರ್ಷವೂ ಅವರು ಬರಿಗೈಯಲ್ಲಿ ಕೂರಬೇಕಲ್ಲ!

ಆ ಸಲ ಹುಣ್ಣಿಮೆಯ ಹಿಂದಿನ ದಿನವೇ ಭಾನುವಾರ. ಇಬ್ಬರೂ ಹುಲ್ಲು ಸರಿಸಿ ಹುಡುಕಿದೆವು. ಬರೀ ಹುಲ್ಲು, ತುಂಬೆ, ಮತ್ತೆ ಹುಲ್ಲು. ಅತ್ತೆ ಒಂದು ಕಡೆ ಬಗ್ಗಿದವರು ಹಾಗೇ ನಿಂತರು. ಬೆರಳುದ್ದದ ಸಸಿಯೊಂದರ ಎಲೆ ಚಿವುಟಿ ಮೂಸಿದರು.

“ನೇರಳೆ! ಇದನ್ನ ಯಾರೇ ನೆಟ್ಟಿದ್ದು?”

“ಯಾರೂ ನೆಟ್ಟಿಲ್ಲ ಅತ್ತೆ.”

ಪಕ್ಕದಲ್ಲಿ ಇನ್ನೊಂದು. ಅದರಾಚೆ ಹೊಂಗೆ. ಹೆಸರೇ ಗೊತ್ತಿಲ್ಲದ್ದು ಬೇರೆ. ಅತ್ತೆ ಒದ್ದೆ ನೆಲದ ಮೇಲೇ ಕೂತುಬಿಟ್ಟರು.

“ಅಯ್ಯೋ, ಇಷ್ಟು ದಿನ ನಾನೇ ಕಿತ್ತು ಹಾಕ್ತಿದ್ನಲ್ಲೇ.” ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. “ನಡಿ ಮನೆಗೆ. ಅಕ್ಕಿ ನೆನೆ ಹಾಕ್ಬೇಕು.”

“ನಗರಸಭೆದು ಅಂದಿದ್ರಿ?” ಎಂದು ಛೇಡಿಸಿದೆ.

“ಹಡೆಯೋಳು ಹಡೀತಾಳೆ, ನಗರಸಭೆಗೇನು ಗೊತ್ತು? ಬಾ.”

ನಸುಕಿನಲ್ಲಿ ಸೌತೆಕಾಯಿ ಕಡುಬು, ಬೆರಕೆ ಸೊಪ್ಪಿನ ಪಲ್ಯ, ಮೊಸರನ್ನ ಹೊತ್ತು ಹೋದೆವು. ಅತ್ತೆ ಆ ತುಂಡಿನ ಉದ್ದಕ್ಕೂ ಅನ್ನ ಚೆಲ್ಲುತ್ತ ನಡೆದರು. ಕೊನೆಗೆ ಸಣ್ಣ ಗುಂಡಿ ತೋಡಿ, ಒಂದು ಪಾಲು ಇಟ್ಟು, ಮಣ್ಣು ಮುಚ್ಚಿ, ಅದರ ಮೇಲೆ ಎರಡೂ ಅಂಗೈ ಊರಿದರು.

“ತಡ ಆಯ್ತು ತಾಯಿ,” ಎಂದರು. “ಉಣ್ಣು.”