ಹಲ್ಲಿನ ಕ್ಯಾಪಿಗೆ ಸೋದರಮಾವನ ಒಪ್ಪಿಗೆ

ಸವದತ್ತಿಯ ನನ್ನ ದಂತ ಚಿಕಿತ್ಸಾಲಯದಲ್ಲಿ ಒಂದು ಮನೆತನದ ಮಾನವೇ ಅಪಾಯಕ್ಕೆ ಸಿಲುಕಿತ್ತು. ಹುಡುಗಿಯೊಬ್ಬಳ ಹುಳುಕು ಹಿಡಿದ ಹಾಲುಹಲ್ಲಿಗೆ ನಾನು ಅವಳ ಸೋದರಮಾವನನ್ನು ಕೇಳದೆ ಸ್ಟೀಲ್ ಕ್ಯಾಪ್ ಹಾಕಲು ಹೊರಟಿದ್ದೆ.

"ಕಿವಿ ಚುಚ್ಚುವಾಗ ಮಾವನ ತೊಡಿ ಮ್ಯಾಲ ಕುಂಡ್ರಿಸಿದ್ವಿರಿ. ಇದೂ ಒಡವೀನ ಅಲ್ಲೇನ್ರಿ ಡಾಕ್ಟ್ರ?" ಎಂದಳು ಅಜ್ಜಿ.

"ಒಡವಿ ಅಲ್ಲಬೇ ಯವ್ವಾ, ಇಲಾಜು. ತಡಾ ಮಾಡಿದ್ರ ಹಲ್ಲು ಉಳಿಯೂದಿಲ್ಲ."

ಕಟಕೋಳದಿಂದ ಮಾವ ಫೋನಿನಲ್ಲೇ ಗುಡುಗಿದ: "ನಾ ಏನ್ ಸತ್ತೇನೇನು? ನಾ ಬರೂತನಕ ಹುಡುಗಿ ಬಾಯಿಗೆ ಕೈ ಹಚ್ಚಬ್ಯಾಡ್ರಿ!"

ಹುಡುಗಿ ಕೆನ್ನೆ ಹಿಡಿದುಕೊಂಡು ಅಳುತ್ತಿದ್ದಳು. ಅಂಥ ಕ್ಷುಲ್ಲಕ ವಿಷಯಕ್ಕೆ ಯಾರೂ ಗಮನ ಕೊಡಲಿಲ್ಲ. ಅವಳನ್ನು ಕುರ್ಚಿಯಿಂದ ಇಳಿಸಿಕೊಂಡು ಹೋದರು.

ಮಾವನಿಗೆ ಬಿಡುವಾದದ್ದು ಮುಂದಿನ ತಿಂಗಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಅಕ್ಕನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅಷ್ಟರಲ್ಲಿ ಹಲ್ಲಿನ ಬೇರಿನಲ್ಲಿ ಕೀವು ತುಂಬಿತ್ತು. ಹಲ್ಲನ್ನು ಕಿತ್ತೆ.